‘ಶಕ್ತಿ’ ಬಸ್ ಸೇವೆ: ಶೂನ್ಯ ಟಿಕೆಟಿನ ಬೆಲೆ ಯಾರು ಕೊಡುತ್ತಿದ್ದಾರೆ?

ಚುನಾವಣೆಯ ಭರವಸೆಯೊಂದು ಜಾರಿಗೆ ಬಂದ ಮೇಲೆ ಅದನ್ನು ಭಾಷಣಗಳ ಅಳತೆಗೋಲಿನಿಂದಲ್ಲ, ಜನ ದಿನನಿತ್ಯ ಬಳಸುವ ಒಂದು ಸೇವೆಯಾಗಿಯೇ ಪರೀಕ್ಷಿಸಬೇಕು ಎಂಬುದು ನನ್ನ ನಂಬಿಕೆ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಕಾಂಗ್ರೆಸ್ ಘೋಷಿಸಿದ ಐದು ಗ್ಯಾರಂಟಿಗಳಲ್ಲಿ ಮೊದಲು ಜಾರಿಯಾದದ್ದು ‘ಶಕ್ತಿ’. ಆ ವರ್ಷದ ಜೂನ್ 11ರಿಂದ ನಾಲ್ಕೂ ಸಾರಿಗೆ ನಿಗಮಗಳ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳು ಹಣ ಕೊಡದೆ ಪ್ರಯಾಣಿಸುತ್ತಿದ್ದಾರೆ. ರಾಜಹಂಸ, ಐರಾವತ, ಸ್ಲೀಪರ್ ಮತ್ತು ಎಸಿ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ.

ಸೇವೆಯಾಗಿ ಇದರ ದೊಡ್ಡ ಗುಣವೆಂದರೆ ಮಧ್ಯೆ ಯಾರೂ ಇಲ್ಲದಿರುವುದು. ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿಗೆ ಅರ್ಜಿ ಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು, ಆಮೇಲೆ ಕಂತು ಬಂತೇ ಎಂದು ವಿಚಾರಿಸುತ್ತಿರಬೇಕು. ಯುವನಿಧಿಗೆ ನಿರುದ್ಯೋಗಿ ಎಂದು ಸ್ವಯಂ ಘೋಷಣೆ ಸಲ್ಲಿಸಬೇಕು. ಶಕ್ತಿಯಲ್ಲಿ ಇವು ಯಾವುವೂ ಇಲ್ಲ. ಸ್ಮಾರ್ಟ್ ಕಾರ್ಡ್ ಕೊಡುವ ಮಾತು ಮೊದಲಿನಿಂದ ಇದ್ದರೂ ಗುರುತಿನ ಚೀಟಿಯೇ ವರ್ಷಗಟ್ಟಲೆ ಆ ಕೆಲಸ ಮಾಡಿದೆ. ಕಿಕ್ಕಿರಿದ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ಅಂಚು ಸವೆದ ಆಧಾರ್ ಕಾರ್ಡನ್ನು ಚಾಚಿದರೆ, ಕಂಡಕ್ಟರ್ ಊರಿನ ಹೆಸರು ಕೇಳಿ ಯಂತ್ರದಿಂದ ಒಂದು ತುಂಡು ಕಾಗದ ಹರಿದು ಕೊಡುತ್ತಾರೆ. ಹತ್ತಿದ ಊರು, ಇಳಿಯುವ ಊರು ಅದರಲ್ಲಿರುತ್ತವೆ, ಕೊಡಬೇಕಾದ ಹಣ ಮಾತ್ರ ಸೊನ್ನೆ. ಸವಲತ್ತು ಬೇಕಾದ ಗಳಿಗೆಯಲ್ಲಿ, ಬೇಕಾದಷ್ಟೇ, ಬೇಕಾದವರ ಕೈಗೇ ತಲುಪುತ್ತದೆ. ನಮ್ಮ ಸರ್ಕಾರಿ ವ್ಯವಸ್ಥೆಯಲ್ಲಿ ಇಷ್ಟು ನೇರವಾದ ಸೇವೆಗಳು ಬಹಳ ಕಡಿಮೆ.

ಮೊದಲ ವಾರಗಳಲ್ಲಿ ಧರ್ಮಸ್ಥಳ, ಕುಕ್ಕೆ ಸುಬ್ರಹ್ಮಣ್ಯದ ಬಸ್ಸುಗಳಿಗೆ ನುಗ್ಗಿದ ಜನಸಂದಣಿಯ ಚಿತ್ರಗಳನ್ನು ನೋಡಿ, ಇದು ತೀರ್ಥಯಾತ್ರೆಗೆ ಕೊಟ್ಟ ಬಿಟ್ಟಿ ಭಾಗ್ಯ ಎಂದು ಮೂದಲಿಸಿದವರು ಅನೇಕರು. ಆ ಮೂದಲಿಕೆಗೆ ಅಂಕಿಗಳೇ ಉತ್ತರ ಕೊಟ್ಟಿವೆ. 2025ರ ಜುಲೈ ಮಧ್ಯಭಾಗದಲ್ಲಿ ಶೂನ್ಯ ಟಿಕೆಟ್‌ಗಳ ಸಂಖ್ಯೆ 500 ಕೋಟಿ ಮುಟ್ಟಿದಾಗ ಅವುಗಳ ಒಟ್ಟು ಮೌಲ್ಯ ಸುಮಾರು 12,669 ಕೋಟಿ ರೂಪಾಯಿ ಎಂದು ಸರ್ಕಾರ ತಿಳಿಸಿತು. ಭಾಗಿಸಿ ನೋಡಿದರೆ ಒಂದು ಟಿಕೆಟ್‌ನ ಸರಾಸರಿ ಬೆಲೆ 25 ರೂಪಾಯಿಯ ಆಸುಪಾಸು. ಆ ಹಣದಲ್ಲಿ ಬೆಂಗಳೂರಿನಿಂದ ಯಾರೂ ಧರ್ಮಸ್ಥಳಕ್ಕೆ ಹೋಗಲಾರರು. ಅದು ಹಳ್ಳಿಯಿಂದ ತಾಲ್ಲೂಕು ಕೇಂದ್ರಕ್ಕೆ, ಬಡಾವಣೆಯಿಂದ ಗಾರ್ಮೆಂಟ್ ಕಾರ್ಖಾನೆಗೆ, ಮನೆಯಿಂದ ಸಂತೆಗೋ ಆಸ್ಪತ್ರೆಗೋ ಹೋಗುವ ದಾರಿಯ ದರ. ಹೋಗಿಬರುವ ಖರ್ಚು ದಿನಕ್ಕೆ 50 ರೂಪಾಯಿ ಎಂದಿಟ್ಟುಕೊಂಡರೂ ತಿಂಗಳಿಗೆ 25 ದಿನ ದುಡಿಯುವ ಹೆಂಗಸಿಗೆ 1,250 ರೂಪಾಯಿ ಉಳಿಯುತ್ತದೆ. ದೂರದ ಕೆಲಸವನ್ನು ಒಪ್ಪಿಕೊಳ್ಳಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವಷ್ಟು ದೊಡ್ಡ ಮೊತ್ತ ಅದು.

ಇನ್ನು ಹಣದ ವಿಚಾರ. ಪ್ರಯಾಣಿಕರಿಗೆ ಟಿಕೆಟ್ ಸೊನ್ನೆಯಾದರೂ ನಿಗಮದ ಪುಸ್ತಕದಲ್ಲಿ ಅದು ಸರ್ಕಾರದಿಂದ ಬರಬೇಕಾದ ಬಾಕಿ. 2025-26ರ ಬಜೆಟ್‌ನಲ್ಲಿ ಐದು ಗ್ಯಾರಂಟಿಗಳಿಗೆ ಇಟ್ಟ 51,034 ಕೋಟಿಯಲ್ಲಿ ಶಕ್ತಿಯ ಪಾಲು 5,300 ಕೋಟಿ, ಅಂದರೆ ಸುಮಾರು ಹತ್ತನೇ ಒಂದು ಭಾಗ. ಇಷ್ಟು ಜನರನ್ನು ಇಷ್ಟು ಸಲ ಮುಟ್ಟುವ ಸೇವೆಗೆ ಇದು ದುಬಾರಿಯೆಂದು ನನಗೆ ಅನ್ನಿಸುವುದಿಲ್ಲ. ಚಿಂತೆಯ ವಿಷಯ ಬಾಕಿ ಪಾವತಿಯದು. 2025ರ ಆರಂಭದಲ್ಲಿ ಇಂಧನ ಮತ್ತು ಭವಿಷ್ಯ ನಿಧಿಯ ಬಾಕಿ ತೀರಿಸಲು ನಿಗಮಗಳು 2,000 ಕೋಟಿ ಸಾಲ ಪಡೆಯುವುದಕ್ಕೆ ಸರ್ಕಾರವೇ ಒಪ್ಪಿಗೆ ನೀಡಬೇಕಾಯಿತು. ಅದೇ ಜನವರಿ 5ರಿಂದ ದರ ಶೇಕಡ 15ರಷ್ಟು ಏರಿತು. ಗಂಡಸರ ಜೇಬಿಗೆ ಕತ್ತರಿ ಬಿದ್ದದ್ದನ್ನು ಎಲ್ಲರೂ ಕಂಡರು. ದರ ಏರಿದಾಗ ಶೂನ್ಯ ಟಿಕೆಟ್‌ನ ಮೌಲ್ಯವೂ ಏರಿ, ಸರ್ಕಾರ ತುಂಬಿಕೊಡಬೇಕಾದ ಮೊತ್ತವೂ ಬೆಳೆಯುತ್ತದೆ ಎಂಬುದನ್ನು ಗಮನಿಸಿದವರು ಕಡಿಮೆ. ಆಗಸ್ಟ್ 5ರಂದು ಸಾರಿಗೆ ನೌಕರರು 38 ತಿಂಗಳ ವೇತನ ಹಿಂಬಾಕಿ ಕೇಳಿ ಮುಷ್ಕರಕ್ಕಿಳಿದರು. ಆ ಬಾಕಿ ಶಕ್ತಿಗಿಂತ ಹಿಂದಿನ ಕಾಲದ್ದು, ಅದನ್ನು ಈ ಯೋಜನೆಯ ತಲೆಗೆ ಕಟ್ಟುವುದು ತಪ್ಪು. ಆದರೆ ಹಳೆಯ ಬಾಕಿಯನ್ನೇ ತೀರಿಸಲಾಗದ ನಿಗಮಗಳ ಹೆಗಲ ಮೇಲೆ ಹೊಸ ಹೊಣೆ ಹೊರಿಸಿದ ಸರ್ಕಾರ ಹಣವನ್ನು ಹೊತ್ತಿಗೆ ಸರಿಯಾಗಿ ಕೊಡಲೇಬೇಕು.

ರಾಜಕಾರಣಿಗಳು ಈ ಪ್ರಶ್ನೆಯ ಹತ್ತಿರ ಬಂದರೂ ನಿಲ್ಲುವುದಿಲ್ಲ. 2024ರ ಅಕ್ಟೋಬರ್ ಕೊನೆಯಲ್ಲಿ, ಕೆಲವು ಮಹಿಳೆಯರು ಹಣ ಕೊಡಲು ಸಿದ್ಧರಿರುವುದರಿಂದ ಶಕ್ತಿಯನ್ನು ಮರುಪರಿಶೀಲಿಸಬಹುದೆಂಬ ಅರ್ಥದಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಮಾತನಾಡಿದರು. ಆಗ ಮಹಾರಾಷ್ಟ್ರದಲ್ಲಿ ಚುನಾವಣೆ ಹತ್ತಿರವಿತ್ತು. ಮುಖ್ಯಮಂತ್ರಿ ಸಿದ್ದರಾಮಯ್ಯ ಅಂಥ ಪ್ರಸ್ತಾವವಿಲ್ಲ ಎಂದರು. ಮಲ್ಲಿಕಾರ್ಜುನ ಖರ್ಗೆ, ಬಜೆಟ್‌ಗೆ ಹೊಂದುವ ಭರವಸೆಗಳನ್ನೇ ಕೊಡಿ ಎಂದು ಬಹಿರಂಗವಾಗಿಯೇ ಬುದ್ಧಿ ಹೇಳಿದರು. ಅದಾದ ಕೆಲವೇ ದಿನಗಳಲ್ಲಿ ಅವರದೇ ಮೈತ್ರಿಕೂಟ ಮಹಾರಾಷ್ಟ್ರದ ಮಹಿಳೆಯರಿಗೂ ಉಚಿತ ಬಸ್ ಪ್ರಯಾಣದ ಭರವಸೆ ನೀಡಿತು. ಕರ್ನಾಟಕದ ಅನುಭವದಿಂದ ಅಲ್ಲಿನ ಮತದಾರರಿಗೆ ಹೇಳಬೇಕಾಗಿದ್ದದ್ದು, ಯೋಜನೆ ಜನಪ್ರಿಯ ಎಂಬುದರ ಜೊತೆಗೆ, ಮರುಪಾವತಿಯ ಕ್ರಮವೇನು ಎಂಬುದನ್ನೂ ಕೇಳಿ ಎಂಬ ಮಾತು.

ಸೇವೆಯ ವ್ಯಾಪ್ತಿಯಲ್ಲಿ ನನಗೆ ಕಾಣುವ ನಿಜವಾದ ಕೊರತೆ ಕರಾವಳಿಯದು. ಮಂಗಳೂರು, ಉಡುಪಿಯ ಬಹುಪಾಲು ಮಾರ್ಗಗಳಲ್ಲಿ ಓಡುವುದು ಖಾಸಗಿ ಬಸ್ಸುಗಳು. ಅಲ್ಲಿ ಬೀಡಿ ಎಲೆಯ ಕಟ್ಟು ಹಿಡಿದು, ಮೀನಿನ ಬುಟ್ಟಿ ಹೊತ್ತು ಹೋಗುವ ಹೆಂಗಸರು ಇಂದಿಗೂ ಚಿಲ್ಲರೆ ಎಣಿಸಿ ಕೊಡುತ್ತಾರೆ. ದಿನಕ್ಕೊಂದೋ ಎರಡೋ ಬಸ್ ಬರುವ ಮಲೆನಾಡಿನ ಹಳ್ಳಿಗಳಿಗೂ ಶೂನ್ಯ ಟಿಕೆಟ್‌ಗಿಂತ ಮೊದಲು ಬೇಕಾದದ್ದು ಇನ್ನೊಂದು ಟ್ರಿಪ್. ಮುಂದಿನ ಬಜೆಟ್‌ನಲ್ಲಿ ಶಕ್ತಿಗೆ ಹಣ ಹೆಚ್ಚಿಸುವುದಾದರೆ ಅದರ ಒಂದು ಪಾಲನ್ನು ಇಂಥ ಮಾರ್ಗಗಳಲ್ಲಿ ಹೊಸ ಸರ್ಕಾರಿ ಬಸ್ ಓಡಿಸಲು ಮೀಸಲಿಡಬೇಕು. ಪ್ರತಿ ನಿಗಮಕ್ಕೆ ಆ ತಿಂಗಳು ಎಷ್ಟು ಬಾಕಿಯಾಯಿತು, ಎಷ್ಟು ಸಂದಾಯವಾಯಿತು ಎಂಬ ಪಟ್ಟಿಯನ್ನು ಶೂನ್ಯ ಟಿಕೆಟ್‌ಗಳ ಸಂಖ್ಯೆಯ ಜೊತೆಯಲ್ಲೇ ಪ್ರಕಟಿಸಬೇಕು.