ಕರೆಂಟ್ ವೈರಿನಲ್ಲಿ ಇಂಟರ್ನೆಟ್: ಡಬ್ಬದ ಮೇಲಿನ 600 ನಂಬಿ ಮೋಸ ಹೋದೆ, ನೀವು ಹೋಗಬೇಡಿ

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ನಾನು ಕೊಂಡ ಪವರ್‌ಲೈನ್ ಅಡಾಪ್ಟರ್‌ನ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಇದ್ದದ್ದು 600 ಎಂಬಿಪಿಎಸ್. ನನ್ನ ಕೋಣೆಯಲ್ಲಿ ಸಿಕ್ಕಿದ್ದು 23. ಸಂಜೆ ಹೊತ್ತು 23 ಕೂಡ ಇಲ್ಲ, 14, 11, ಒಮ್ಮೊಮ್ಮೆ 6. ನನ್ನ ಇಂಟರ್ನೆಟ್ ಕನೆಕ್ಷನ್ 200ರದ್ದು. ರೂಟರ್ ಪಕ್ಕದಲ್ಲಿ ಕೂತರೆ ಪೂರ್ತಿ 200 ಬರುತ್ತದೆ. ಮಹಡಿ ಮೇಲೆ ಹತ್ತಿದರೆ 23. ಇದಕ್ಕೆ ದುಡ್ಡು ಕೊಟ್ಟೆ ಅನ್ನೋದೇ ಈಗಲೂ ಹೊಟ್ಟೆ ಉರಿಸುತ್ತದೆ.

ಪವರ್‌ಲೈನ್ ಅಡಾಪ್ಟರ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಎರಡು ಡಬ್ಬಿ ಇರುತ್ತವೆ. ಒಂದನ್ನು ರೂಟರ್ ಹತ್ತಿರದ ಪ್ಲಗ್ ಪಾಯಿಂಟ್‌ಗೆ ಚುಚ್ಚಬೇಕು, ಇನ್ನೊಂದನ್ನು ಇಂಟರ್ನೆಟ್ ಬೇಕಾದ ಕೋಣೆಯಲ್ಲಿ ಚುಚ್ಚಬೇಕು. ಮನೆಯ ಕರೆಂಟ್ ವೈರಿನಲ್ಲೇ ಡೇಟಾ ಹರಿಯುತ್ತದೆ. ಗೋಡೆ ಕೊರೆಯುವುದು ಬೇಡ, ಹೊಸ ಕೇಬಲ್ ಎಳೆಯುವುದು ಬೇಡ. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ ಅಲ್ವಾ? ನನಗೂ ಹಾಗೇ ಅನ್ನಿಸಿತು. ನಾನು ಕೆಲಸ ಮಾಡುವುದು ಮೇಲಿನ ಕೋಣೆಯಲ್ಲಿ. ನಡುವೆ ಎರಡು ದಪ್ಪ ಗೋಡೆ, ಒಂದು ತಾರಸಿ. ವೈಫೈ ಅಲ್ಲಿಗೆ ಬರುವಷ್ಟರಲ್ಲಿ ಸತ್ತೇ ಹೋಗಿರುತ್ತದೆ. ಮೀಟಿಂಗ್ ಮಧ್ಯೆ ನನ್ನ ಮುಖ ನಿಂತುಹೋಗಿ, ಮಾತು ತುಂಡು ತುಂಡಾಗಿ, "ನೀವು ಕೇಳಿಸ್ತಿಲ್ಲ" ಅಂತ ದಿನಕ್ಕೆ ನಾಲ್ಕು ಸಲ ಕೇಳಿಸಿಕೊಂಡು ಸಾಕಾಗಿತ್ತು. ಹಾಗಾಗಿ ಕೊಂಡೆ.

ಕೊಳ್ಳುವ ಮೊದಲು ಮಾರುವವರನ್ನು ಕೇಳಿದ್ದೆ. ಕೇಳದೆ ಕೊಂಡೆ ಅಂತ ಯಾರೂ ಹೇಳಬಾರದು. "600 ಅಂತ ಬರೆದಿದೆಯಲ್ಲ, ನನ್ನ 200 ಪೂರ್ತಿ ಮೇಲಕ್ಕೆ ಬರುತ್ತದಾ?" ಅಂತ ನೇರವಾಗಿ ಕೇಳಿದೆ. "ಆರಾಮಾಗಿ ಬರುತ್ತೆ ಸರ್, 600 ಕೆಪ್ಯಾಸಿಟಿ ಇದೆ, ನಿಮ್ಮದು ಬರೀ 200 ಅಲ್ವಾ" ಅಂದರು. ಈ ಮಾತು ನೆನಪಿಟ್ಟುಕೊಳ್ಳಿ. ಆರಾಮಾಗಿ ಬರುತ್ತೆ ಅಂದರು.

ಮೊದಲ ದಿನ ಚುಚ್ಚಿದೆ, ಎರಡೂ ಕಡೆ ಪೇರ್ ಬಟನ್ ಒತ್ತಿದೆ, ಮೂರು ಹಸಿರು ದೀಪ ಹತ್ತಿದವು. ಸ್ಪೀಡ್ ಟೆಸ್ಟ್ ಹಾಕಿದೆ. 9. ಗಾಬರಿಯಾಯಿತು. ಮ್ಯಾನುವಲ್ ಓದಿದ ಮೇಲೆ ಗೊತ್ತಾಯಿತು, ನಾನು ಸ್ಪೈಕ್ ಗಾರ್ಡ್ ಇರುವ ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಚುಚ್ಚಿದ್ದೆ. ಅದರೊಳಗಿನ ಫಿಲ್ಟರ್ ಈ ಸಿಗ್ನಲ್ಲನ್ನೇ ಕಸ ಅಂದುಕೊಂಡು ನುಂಗಿಬಿಡುತ್ತದೆ. ಸರಿ, ಅದು ನನ್ನ ತಪ್ಪು, ಒಪ್ಪುತ್ತೇನೆ. ನೇರವಾಗಿ ಗೋಡೆಯ ಪಾಯಿಂಟ್‌ಗೆ ಹಾಕಿದೆ. 23 ಬಂತು. ಅಲ್ಲಿಗೇ ನಿಂತಿತು.

ಆಮೇಲೆ ಎರಡು ವಾರ ನಾನು ಮಾಡದ ಪ್ರಯೋಗ ಇಲ್ಲ. ಕೋಣೆಯಲ್ಲಿರುವ ಪ್ರತಿ ಪಾಯಿಂಟ್‌ನಲ್ಲೂ ಹಾಕಿ ನೋಡಿದೆ. ಪಕ್ಕದಲ್ಲಿದ್ದ ಮೊಬೈಲ್ ಚಾರ್ಜರ್ ಕಿತ್ತೆ, 23 ಇದ್ದದ್ದು 29 ಆಯಿತು. ಮತ್ತೆ ಹಾಕಿದೆ, ಮತ್ತೆ 23. ಅಗ್ಗದ ಚಾರ್ಜರ್‌ಗಳು, ಎಲ್‌ಇಡಿ ಡಿಮ್ಮರ್‌ಗಳು, ಮೋಟಾರ್ ಇರುವ ಯಂತ್ರಗಳು, ಎಲ್ಲವೂ ಕರೆಂಟ್ ವೈರಿಗೆ ಗಲಾಟೆ ತುಂಬುತ್ತವೆ. ಕೆಳಗೆ ಮಿಕ್ಸಿ ಹಾಕಿದರೆ ಮೇಲೆ ನನ್ನ ಮೀಟಿಂಗ್ ನಿಲ್ಲುತ್ತಿತ್ತು. ಮಿಕ್ಸಿ ಸದ್ದು ನಿಂತ ಮೇಲೆ ಮೀಟಿಂಗ್ ಮತ್ತೆ ಶುರು. ಮನೆಯವರಿಗೆ "ನನ್ನ ಮೀಟಿಂಗ್ ಮುಗಿಯುವ ತನಕ ಮಿಕ್ಸಿ ಹಾಕಬೇಡಿ" ಅಂತ ಹೇಳುವ ಪರಿಸ್ಥಿತಿ ಬಂತು. ನಾಚಿಕೆಯಾಗುತ್ತದೆ ಇದನ್ನು ಬರೆಯುವುದಕ್ಕೆ.

ಕಸ್ಟಮರ್ ಕೇರ್‌ಗೆ ಬರೆದೆ. ಮೊದಲ ಉತ್ತರ: "ಹಸಿರು ದೀಪ ಉರಿಯುತ್ತಿದ್ದರೆ ಸಾಧನ ಸರಿಯಾಗಿ ಕೆಲಸ ಮಾಡುತ್ತಿದೆ ಎಂದರ್ಥ." ನಾನು ದೀಪದ ಬಗ್ಗೆ ಕೇಳಿರಲಿಲ್ಲ, ಸ್ಪೀಡ್ ಬಗ್ಗೆ ಕೇಳಿದ್ದೆ. ಸ್ಕ್ರೀನ್‌ಶಾಟ್ ಸಮೇತ ಮತ್ತೆ ಬರೆದೆ. ಎರಡನೇ ಉತ್ತರ: "ನಿಮ್ಮ ಮನೆಯ ವೈರಿಂಗ್ ಹಳೆಯದಿರಬಹುದು." ಮನೆ ನೋಡಿಲ್ಲ, ವೈರಿಂಗ್ ನೋಡಿಲ್ಲ, ಎಷ್ಟು ವರ್ಷ ಆಯಿತು ಅಂತ ಕೇಳಿಲ್ಲ. ಆದರೆ ತಪ್ಪು ಮಾತ್ರ ನಮ್ಮ ಮನೆಯದು.

ಸರಿ, ವೈರಿಂಗನ್ನೇ ಪಕ್ಕಕ್ಕಿಡೋಣ ಅಂತ ಎರಡೂ ಡಬ್ಬಿಗಳನ್ನು ಕೆಳಗಿನ ಹಾಲ್‌ಗೆ ತಂದೆ. ಒಂದೇ ಸ್ವಿಚ್‌ಬೋರ್ಡ್, ಅಕ್ಕಪಕ್ಕದ ಎರಡು ಸಾಕೆಟ್. ನಡುವೆ ಒಂದು ಗೇಣು ವೈರ್ ಕೂಡ ಇಲ್ಲ. ಇಲ್ಲಾದರೂ 200 ಬರಲೇಬೇಕು ಅಲ್ವಾ? ಅವರ ಆ್ಯಪ್ ತೆರೆದೆ, ಎರಡು ಡಬ್ಬಿಗಳ ನಡುವೆ 480 ಅಂತ ತೋರಿಸಿತು. ಖುಷಿಯಾಯಿತು. ಲ್ಯಾಪ್‌ಟಾಪ್‌ಗೆ ಕೇಬಲ್ ಚುಚ್ಚಿ ಟೆಸ್ಟ್ ಹಾಕಿದೆ. 92. ಮತ್ತೆ ಹಾಕಿದೆ. 92. ಕೇಬಲ್ ಬದಲಾಯಿಸಿದೆ. 93. ಮೇಲಿನ ಕೋಣೆಯಲ್ಲಿ ಸಂಖ್ಯೆ ಕುಣಿಯುತ್ತಿತ್ತು, ಇಲ್ಲಿ ಗೆರೆ ಎಳೆದ ಹಾಗೆ 92ಕ್ಕೇ ನಿಂತಿದೆ. ಏನೋ ಅಡ್ಡ ಹಾಕಿದ ಹಾಗೆ.

ಆಗ ಲ್ಯಾಪ್‌ಟಾಪ್‌ನ ನೆಟ್‌ವರ್ಕ್ ಸೆಟ್ಟಿಂಗ್ ತೆರೆದು ನೋಡಿದೆ. ಲಿಂಕ್ ಸ್ಪೀಡ್ ಅನ್ನೋ ಸಾಲಿನಲ್ಲಿ 100/100 ಅಂತಿತ್ತು. ನನ್ನ ಲ್ಯಾಪ್‌ಟಾಪ್‌ನ ಪೋರ್ಟ್ ಗಿಗಾಬಿಟ್‌ನದು, ಅಂದರೆ 1000ರದ್ದು. ರೂಟರ್‌ನದೂ ಗಿಗಾಬಿಟ್. ಹಾಗಾದರೆ ಈ 100 ಎಲ್ಲಿಂದ ಬಂತು? ಡಬ್ಬವನ್ನು ಕಸದ ಬುಟ್ಟಿಗೆ ಹಾಕಿರಲಿಲ್ಲ, ಸದ್ಯ. ತಿರುಗಿಸಿ ನೋಡಿದೆ. ಹಿಂಭಾಗದಲ್ಲಿ, ಅಕ್ಕಿಕಾಳಿಗಿಂತ ಸಣ್ಣ ಅಕ್ಷರದಲ್ಲಿ, ಬಾರ್‌ಕೋಡ್‌ನ ಮೇಲಿನ ಸಾಲಿನಲ್ಲಿ: ಈಥರ್ನೆಟ್ ಪೋರ್ಟ್ 10/100 ಎಂಬಿಪಿಎಸ್.

ಅದನ್ನು ಓದಿ ಒಂದು ನಿಮಿಷ ಹಾಗೇ ನೆಲದ ಮೇಲೆ ಕೂತುಬಿಟ್ಟೆ. ಡಬ್ಬಿಯಿಂದ ಕಂಪ್ಯೂಟರ್‌ಗೆ ಹೋಗುವ ಒಂದೇ ಒಂದು ಬಾಗಿಲು 100ರದ್ದು. ಒಳಗೆ 600 ಇರಲಿ, 6000 ಇರಲಿ, ಆ ಬಾಗಿಲಿನಿಂದ ಹೊರಗೆ ಬರುವುದು ಹೆಚ್ಚೆಂದರೆ 94, 95. ಈ ಭೂಮಿಯ ಮೇಲೆ ಯಾವ ಮನೆಯಲ್ಲೂ, ಎಂಥ ಹೊಸ ವೈರಿಂಗ್ ಇದ್ದರೂ, ಈ ಡಬ್ಬಿ ಒಂದು ಕಂಪ್ಯೂಟರ್‌ಗೆ ನೂರು ಕೊಡುವುದಿಲ್ಲ. ಕೊಡಲು ಸಾಧ್ಯವೇ ಇಲ್ಲ. ಅಂಥದ್ದಕ್ಕೆ 600 ಅಂತ ಬರೆದಿದ್ದಾರೆ. ನಾನು 200 ಬರುತ್ತದಾ ಅಂತ ಕೇಳಿದ್ದಕ್ಕೆ ಆರಾಮಾಗಿ ಬರುತ್ತೆ ಅಂದಿದ್ದಾರೆ. ಎರಡು ವಾರ ನಾನು ಚಾರ್ಜರ್ ಕಿತ್ತು, ಮಿಕ್ಸಿ ನಿಲ್ಲಿಸಿ, ಮನೆಯವರ ಮೇಲೆ ರೇಗಾಡಿ ಒದ್ದಾಡಿದ್ದೇನೆ.

ಇದನ್ನು ಕಸ್ಟಮರ್ ಕೇರ್‌ಗೆ ಬರೆದಾಗ ಬಂದ ಉತ್ತರವನ್ನು ಹಾಗೇ ಕೊಡುತ್ತೇನೆ: "ಸರ್, 600 ಎನ್ನುವುದು ಪವರ್‌ಲೈನ್ ವೇಗ. ಪೋರ್ಟ್ ವೇಗ ಅಲ್ಲ. ಎರಡೂ ಬೇರೆ ಬೇರೆ. ಮಾಹಿತಿಯನ್ನು ಡಬ್ಬದ ಮೇಲೆ ನೀಡಲಾಗಿದೆ." ನೀಡಲಾಗಿದೆಯಂತೆ. ಮುಂದೆ 600, ಹಿಂದೆ ಬಾರ್‌ಕೋಡ್ ಪಕ್ಕದಲ್ಲಿ 100. ಅದೇ ಮೇಲ್‌ನ ಕೊನೆಯಲ್ಲಿ ಇನ್ನೊಂದು ಸಾಲು: "ಹೆಚ್ಚಿನ ವೇಗಕ್ಕಾಗಿ ನಮ್ಮ 1200 ಮಾಡೆಲ್‌ಗೆ ಅಪ್‌ಗ್ರೇಡ್ ಆಗಬಹುದು." ಮೈ ಉರಿದುಹೋಯಿತು.

ಆ ಸಿಟ್ಟಿನಲ್ಲೇ ಕೂತು ಓದಿದೆ. ಈ 600, 1200, 2000 ಎಲ್ಲ ಏನು ಗೊತ್ತಾ? ವೈರಿನೊಳಗೆ ಎಲ್ಲವೂ ಸರಿಯಿದ್ದಾಗ, ಗಲಾಟೆ ಇಲ್ಲದಾಗ, ಸಿಗ್ನಲ್ ಹೋಗಬಹುದಾದ ಕಚ್ಚಾ ವೇಗ. ತಪ್ಪು ತಿದ್ದುವುದಕ್ಕೆ ಕಳಿಸುವ ಹೆಚ್ಚುವರಿ ಬಿಟ್‌ಗಳು, ಬಂತಾ ಬಂತು ಅನ್ನೋ ವಿಚಾರಣೆ, ಎಲ್ಲವೂ ಆ ಲೆಕ್ಕದೊಳಗೇ ಇದೆ. ಜೊತೆಗೆ ಇದು ಒಂದೇ ಓಣಿಯ ರಸ್ತೆ. ಒಬ್ಬರು ಕಳಿಸುವಾಗ ಇನ್ನೊಬ್ಬರು ಸುಮ್ನೆ ಇರಬೇಕು. ಅಪ್‌ಲೋಡ್‌ಗೂ ಡೌನ್‌ಲೋಡ್‌ಗೂ ಇರುವುದು ಅದೊಂದೇ ಓಣಿ. ಮೂರನೇ ಡಬ್ಬಿ ಸೇರಿಸಿದರೆ ಅದರ ಪಾಲೂ ಇದರಲ್ಲೇ. ಇಂಥ ಡಬ್ಬಿಗಳು ಪಾಲಿಸುವ ಮಾನದಂಡದ ಹೆಸರು ಹೋಮ್‌ಪ್ಲಗ್. 2001ರಲ್ಲಿ ಬಂದ ಮೊದಲ ಹೋಮ್‌ಪ್ಲಗ್ 14 ಎಂಬಿಪಿಎಸ್‌ನದು, ಅದೂ ಕಚ್ಚಾ ಲೆಕ್ಕವೇ. 2005ರ ಹೋಮ್‌ಪ್ಲಗ್ ಎವಿಗೆ 200 ಅಂದರು. ಆಮೇಲೆ 500, 600, 1200 ಅಂತ ಸಂಖ್ಯೆ ಏರುತ್ತಲೇ ಹೋಯಿತು.

ಇನ್ನು ನಮ್ಮ ಗೋಡೆಯೊಳಗಿನ ವೈರ್. ಅದನ್ನು ಮಾಡಿರುವುದು 50 ಅಥವಾ 60 ಹರ್ಟ್ಸ್‌ನ ಕರೆಂಟ್ ಸಾಗಿಸುವುದಕ್ಕೆ. ಈ ಡಬ್ಬಿಗಳು ಅದೇ ವೈರಿನಲ್ಲಿ 2 ಮೆಗಾಹರ್ಟ್ಸ್‌ನಿಂದ ಸುಮಾರು 30ರವರೆಗೆ, ಹೊಸ ಹೋಮ್‌ಪ್ಲಗ್ ಎವಿ2 ಆದರೆ 86 ಮೆಗಾಹರ್ಟ್ಸ್‌ವರೆಗೆ ಸಿಗ್ನಲ್ ತುರುಕುತ್ತವೆ. ಫ್ರೀಕ್ವೆನ್ಸಿ ಹೆಚ್ಚಿದಷ್ಟೂ ವೈರ್ ಉದ್ದವಾದ ಹಾಗೆ ಸಿಗ್ನಲ್ ಬೇಗ ಸೊರಗುತ್ತದೆ. ಅಂದರೆ ದುಬಾರಿ ಮಾಡೆಲ್‌ನ ಹೆಚ್ಚುವರಿ ವೇಗವೇ ದೂರದ ಕೋಣೆಗೆ ಮೊದಲು ಸಾಯುತ್ತದೆ. ನಮಗೆ ಇದು ಬೇಕಾಗುವುದೇ ದೂರದ ಕೋಣೆಗೆ! ಮೇಲಿನ ಮಾಡೆಲ್‌ಗಳು ಅರ್ತಿಂಗ್ ವೈರನ್ನೂ ಬಳಸಿಕೊಂಡು ಸ್ಪೀಡ್ ಹೆಚ್ಚಿಸುತ್ತವೆ. ಪಾಯಿಂಟ್‌ಗೆ ಅರ್ತಿಂಗ್ ಸರಿಯಾಗಿಲ್ಲದಿದ್ದರೆ ಅದೂ ಇಲ್ಲ.

ಎಲೆಕ್ಟ್ರಿಷಿಯನ್ ಬಂದು ಮೇನ್ ಬೋರ್ಡ್ ತೆಗೆದು ನೋಡಿದಾಗ ಇನ್ನೊಂದು ಗೊತ್ತಾಯಿತು. ನಮ್ಮದು ತ್ರೀ ಫೇಸ್. ಕೆಳಗಿನ ಹಾಲ್ ಒಂದು ಫೇಸ್‌ನಲ್ಲಿ, ಮೇಲಿನ ಕೋಣೆ ಇನ್ನೊಂದರಲ್ಲಿ. ಎರಡು ಫೇಸ್‌ಗಳ ನಡುವೆ ಸಿಗ್ನಲ್‌ಗೆ ನೇರ ದಾರಿಯೇ ಇಲ್ಲ. ಪಕ್ಕಪಕ್ಕದಲ್ಲಿ ಓಡುವ ವೈರ್‌ಗಳ ನಡುವೆ ಅಷ್ಟಿಷ್ಟು ಸೋರಿ ದಾಟುತ್ತದೆ. ಆ ಸೋರಿದ್ದೇ ನನ್ನ 23. ಮಾರುವಾಗ ಒಬ್ಬರಾದರೂ "ಸಿಂಗಲ್ ಫೇಸಾ, ತ್ರೀ ಫೇಸಾ" ಅಂತ ಕೇಳಿದ್ದರೆ ಸಾಕಿತ್ತು. ಒಂದೇ ಒಂದು ಪ್ರಶ್ನೆ.

ಇದೆಲ್ಲಕ್ಕಿಂತ ನೋವಾಗಿರುವುದು ಬೇರೆ. ಕೊಂಡ ಮೊದಲ ದಿನ, ಟೆಸ್ಟ್ ಮಾಡುವ ಮೊದಲೇ, ಗೆಳೆಯನಿಗೆ ಫೋನ್ ಮಾಡಿ "ಒಳ್ಳೇ ಸಾಧನ ಸಿಕ್ಕಿದೆ ಕಣೋ, ನಿನ್ನ ಮಗಳ ಕೋಣೆಗೂ ಇದೇ ಹಾಕು" ಅಂದಿದ್ದೆ. ನನ್ನ ಮಾತು ನಂಬಿ ಅದೇ ಮಾಡೆಲ್ ತಂದ. ಅವನದು ಸಿಂಗಲ್ ಫೇಸ್, ಹೊಸ ವೈರಿಂಗ್. ಅವನಿಗೆ ಬಂದದ್ದು 64. "ನೀನು ಹೇಳಿದ್ದು 600 ಅಲ್ವೇನೋ?" ಅಂದ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಹಣ ವಾಪಸ್ ಕೇಳಿದೆ. "ಪರಿಶೀಲಿಸಿದ್ದೇವೆ, ಸಾಧನದಲ್ಲಿ ದೋಷವಿಲ್ಲ. ದೋಷವಿಲ್ಲದ, ಡಬ್ಬ ತೆರೆದ ವಸ್ತುವನ್ನು ಹಿಂಪಡೆಯುವುದಿಲ್ಲ." ಪರಿಶೀಲಿಸಿದ್ದಾರಂತೆ, ಡಬ್ಬಿ ಇನ್ನೂ ನನ್ನ ಮೇಜಿನ ಮೇಲೇ ಇದೆ! 600 ಸಿಗದಿದ್ದರೆ ದೋಷ ಅಲ್ಲವಾ ಅಂತ ಕೇಳಿದೆ. "600ರವರೆಗೆ ಎಂದು ನಮೂದಿಸಿದ್ದೇವೆ, 600 ಎಂದಲ್ಲ." ಹಾಗಾದರೆ 6 ಬಂದರೂ ಸರಿಯಾ? ಇದಕ್ಕೆ ಉತ್ತರ ಬರಲಿಲ್ಲ. ದೂರು ಮುಚ್ಚಲಾಗಿದೆ ಅಂತ ಮೆಸೇಜ್ ಬಂತು, ಅಷ್ಟೇ.

ಕೊಳ್ಳಲೇಬೇಕು ಅಂತಿರುವವರು ಡಬ್ಬದ ಮುಂಭಾಗ ನೋಡಲೇಬೇಡಿ. ತಿರುಗಿಸಿ, ಪೋರ್ಟ್ ಎಷ್ಟರದು ನೋಡಿ. 10/100 ಅಂತಿದ್ದರೆ ಅಲ್ಲೇ ಇಟ್ಟು ಬನ್ನಿ. ಎರಡೂ ಕೋಣೆ ಒಂದೇ ಫೇಸ್‌ನಲ್ಲಿವೆಯಾ ಅಂತ ಎಲೆಕ್ಟ್ರಿಷಿಯನ್ನನ್ನು ಕೇಳಿ, ನೀವೇ ಮೇನ್ ಬೋರ್ಡ್‌ಗೆ ಕೈ ಹಾಕಬೇಡಿ. ಆ್ಯಪ್ ತೋರಿಸುವ ಸಂಖ್ಯೆ ನಂಬಬೇಡಿ. ನನ್ನ ಕೋಣೆಯಲ್ಲಿ ಆ್ಯಪ್ 68 ಅನ್ನುತ್ತಿತ್ತು, ಕೈಗೆ ಬರುತ್ತಿದ್ದದ್ದು 23. ಮುಖ್ಯವಾಗಿ, ಡಬ್ಬ ತೆರೆದ ಮೇಲೂ ವಾಪಸ್ ತಗೋತೀರಾ ಅಂತ ಬರೆಸಿಕೊಳ್ಳಿ. ಬಾಯಿಮಾತಿಗೆ ಬೆಲೆ ಇಲ್ಲ, ನನಗೆ ಆರಾಮಾಗಿ ಬರುತ್ತೆ ಅಂದವರು ಈಗ ಹಾಗೆ ಹೇಳಿಯೇ ಇಲ್ಲ ಅನ್ನುತ್ತಿದ್ದಾರೆ.

ಕಳೆದ ಭಾನುವಾರ ಮೆಟ್ಟಿಲ ಅಂಚಿನಲ್ಲೇ ಒಂದು ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಎಳೆಸಿದೆ. ಬಿಳಿ ಪಟ್ಟಿಯೊಳಗೆ ಹೋಗುತ್ತದೆ, ಕಣ್ಣಿಗೂ ಅಷ್ಟು ಬೀಳುವುದಿಲ್ಲ. ಮುಗಿಯಲು ಎರಡು ಗಂಟೆಯೂ ಹಿಡಿಯಲಿಲ್ಲ. ಮೇಲಿನ ಕೋಣೆಯಲ್ಲಿ ಈಗ ಪೂರ್ತಿ 200 ಬರುತ್ತಿದೆ, ಮಿಕ್ಸಿ ಹಾಕಿದರೂ ಬರುತ್ತಿದೆ. ಗೆಳೆಯನ ಜೋಡಿಯನ್ನು ನಾನೇ ದುಡ್ಡು ಕೊಟ್ಟು ತಗೊಂಡೆ. ಅವನು ಬೇಡ ಬೇಡ ಅಂದ, ನಾನು ಕೇಳಲಿಲ್ಲ. ಈಗ ನಾಲ್ಕು ಡಬ್ಬಿಗಳೂ ನನ್ನ ಹತ್ತಿರವೇ ಇವೆ. ಬಾರ್‌ಕೋಡ್ ಪಕ್ಕದ ಆ ಸಾಲಿನ ಫೋಟೋ ತೆಗೆದು ಅವರಿಗೆ ಮತ್ತೊಂದು ದೂರು ಕಳಿಸಿದ್ದೇನೆ. ಉತ್ತರ ಬಂದರೆ ಇದರ ಕೆಳಗೇ ಸೇರಿಸುತ್ತೇನೆ.