ಪೇಟೆಯ ಹಳೇ ಕಟ್ಟಡ: ದುರಸ್ತಿಯೋ, ನೆಲಸಮವೋ?

ಮೈಸೂರಿನ ಸಯ್ಯಾಜಿರಾವ್ ರಸ್ತೆ ಆಸುಪಾಸಿನಲ್ಲಿ ಅಜ್ಜನ ಕಾಲದ ಮಳಿಗೆಯೊಂದು ನಿಮ್ಮ ಪಾಲಿಗೆ ಬಂದಿದೆ ಅನ್ನಿ. ಬಣ್ಣ ಉದುರಿದೆ, ಪ್ಯಾರಪೆಟ್ ಮೇಲೆ ಅರಳಿ ಗಿಡ, ಮುಂಭಾಗವೆಲ್ಲ ಫ್ಲೆಕ್ಸು.

ದುರಸ್ತಿ ನಿಧಾನದ ಕೆಲಸ. ಸುಣ್ಣದ ಗಾರೆಯ ಗೋಡೆ ತೇವ ಹೀರಿ ಹೊರಬಿಡುತ್ತದೆ. ಮೇಲೆ ಸಿಮೆಂಟ್ ಬಳಿದರೆ ನೀರು ಒಳಗೇ ಉಳಿದು ಇಟ್ಟಿಗೆ ಪುಡಿಯಾಗುತ್ತದೆ. ಹಾಗಾಗಿ ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಯೇ ಬೇಕು, ಅಂಥವರು ಈಗ ಅಪರೂಪ. ಅರಳಿಯನ್ನು ಬರೀ ಕತ್ತರಿಸಿದರೆ ಮತ್ತೆ ಚಿಗುರುತ್ತದೆ, ಬೇರನ್ನೇ ಕೊಲ್ಲಬೇಕು. ಪ್ರತಿಫಲ? ದಪ್ಪ ಗೋಡೆ, ಎತ್ತರದ ಸೂರು, ಏಪ್ರಿಲ್‌ನಲ್ಲೂ ತಂಪು.

ಕೆಡವಿ ಕಟ್ಟಿದರೆ ಮಹಡಿ ಹೆಚ್ಚು, ಬಾಡಿಗೆ ಹೆಚ್ಚು. ಆದರೆ ಆ ಇಕ್ಕಟ್ಟಿನಲ್ಲಿ ಪಾರ್ಕಿಂಗ್ ಎಲ್ಲಿ? ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿದ್ದರೆ ಅನುಮತಿಯೂ ಸುಲಭವಲ್ಲ. (ಗಾಜಿನ ಮುಖದ ಡಬ್ಬಿಗಳನ್ನು ಚೆಂದ ಅನ್ನಲು ನನಗಂತೂ ಬಾಯಿ ಬರದು.)

ಸುಮ್ಮನೆ ಬಿಡುವ ಮೂರನೇ ದಾರಿಯೇ ಅಪಾಯದ್ದು. ಮೈಸೂರಿನದೇ 1892ರ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ನಾಲ್ವರು ಸತ್ತರು; 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ದುರಸ್ತಿ ನಡೆಯುತ್ತಿದ್ದಾಗಲೇ ಬಿತ್ತು. ತಡವಾಗಿ ಕೈಹಾಕಿದರೆ ದುರಸ್ತಿಯೂ ಉಳಿಸದು. ಗೋಡೆ ಗಟ್ಟಿಯಿದ್ದರೆ ನನ್ನ ಮತ ದುರಸ್ತಿಗೆ. ತೊಲೆ ಗೆದ್ದಲು ಹಿಡಿದು ಟೊಳ್ಳಾಗಿದ್ದರೆ ಮೊದಲು ಬಾಡಿಗೆದಾರರನ್ನು ಹೊರಗೆ ಕಳಿಸಿ, ಆಮೇಲೆ ಎಂಜಿನಿಯರ್‌ಗೆ ತೋರಿಸಿ.