ಗ್ಯಾರೇಜಿನಲ್ಲಿ ಆಸಿಲೋಸ್ಕೋಪ್: ಮೂರು ವರ್ಷ ಬಳಸಿದ ಮೇಲೆ

ಬೆಂಗಳೂರಿನ ಕಾಮಾಕ್ಷಿಪಾಳ್ಯದ ನಮ್ಮ ಗ್ಯಾರೇಜಿನಲ್ಲಿ ಲ್ಯಾಪ್‌ಟಾಪಿಗೆ ಜೋಡಿಸುವ ನಾಲ್ಕು ಚಾನೆಲ್, 12 ಬಿಟ್‌ನ ಆಸಿಲೋಸ್ಕೋಪ್ ಇದೆ. ವೋಲ್ಟೇಜ್ ಏರಿಳಿಯುವುದನ್ನು ಅದು ಪರದೆಯ ಮೇಲೆ ಅಲೆಯಾಗಿ ತೋರಿಸುತ್ತದೆ, ಒಂದು ಚಾನೆಲ್ಲಿಗೆ ಒಂದು ಅಲೆ. ಕಾರಿನ ದೋಷಸಂಕೇತಗಳನ್ನು ಓದುವ ಸ್ಕ್ಯಾನರ್ ಇರುವಾಗ ಇದೇಕೆ ಎಂದು ಕೇಳುವವರು ಬಹಳ. ಸ್ಕ್ಯಾನರ್ ಪಿ0335 ಎಂದು ತೋರಿಸಿದರೆ ಕ್ರ್ಯಾಂಕ್ ಸೆನ್ಸರಿನ (ಎಂಜಿನ್ನಿನ ಮುಖ್ಯ ಶಾಫ್ಟ್ ತಿರುಗುವುದನ್ನು ಹಲ್ಲಿನ ಚಕ್ರದಿಂದ ಗುರುತಿಸುವ ಸೆನ್ಸರ್) ಸರ್ಕ್ಯೂಟಿನಲ್ಲಿ ತೊಂದರೆ ಇದೆ ಎಂದಷ್ಟೇ ಅರ್ಥ. ಕೆಟ್ಟಿರುವುದು ಸೆನ್ಸರೋ, ವೈರೋ, ಹಲ್ಲಿನ ಚಕ್ರವೋ ಅದು ಹೇಳುವುದಿಲ್ಲ. ಜೆ.ಸಿ. ರಸ್ತೆಗೆ ಓಡಿ ಹೊಸ ಸೆನ್ಸರ್ ತಂದು ಹಾಕಿ ನೋಡುವ ಪದ್ಧತಿಯಲ್ಲಿ ದುಡ್ಡು ತೆರುವವನು ಗಿರಾಕಿ. ಅದನ್ನು ನಾನು ಒಪ್ಪುವುದಿಲ್ಲ.

ಈಚೆಗೆ ಬಂದ ಒಂದು ಪೆಟ್ರೋಲ್ ಕಾರು ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಬಿಸಿಯಾದಾಗ ನಿಂತುಬಿಡುತ್ತಿತ್ತು, ತಣಿದ ಮೇಲೆ ಏನೂ ಆಗದಂತೆ ಸ್ಟಾರ್ಟ್ ಆಗುತ್ತಿತ್ತು. ಬೇರೆಡೆ ಆಗಲೇ ಕ್ರ್ಯಾಂಕ್ ಸೆನ್ಸರ್ ಬದಲಿಸಿದ್ದರು. ಅದರದು ಹಾಲ್ ಸೆನ್ಸರ್, ಅಂದರೆ ಹಲ್ಲು ಎದುರು ಹಾಯುವಾಗ ಕಾಂತಕ್ಷೇತ್ರ ಬದಲಾಗುವುದನ್ನು ಗುರುತಿಸುವಂಥದ್ದು. ಅಲೆ 0 ಮತ್ತು 5 ವೋಲ್ಟ್ ನಡುವೆ ಚೌಕಾಕಾರವಾಗಿ ಓಡಬೇಕು, 60 ಹಲ್ಲಿಗೆ ಜಾಗವಿರುವ ಚಕ್ರದಲ್ಲಿ ಎರಡು ಹಲ್ಲು ಬಿಟ್ಟಿರುವ ಕಡೆ ಮಾತ್ರ ಅಗಲವಾದ ಅಂತರ ಕಾಣಬೇಕು. ತಣ್ಣಗಿದ್ದಾಗ ಎಲ್ಲವೂ ಹಾಗೆಯೇ ಇತ್ತು. ಎಂಜಿನ್ ಕಾದಂತೆ ಅಲೆಯ ತಲೆ 5 ವೋಲ್ಟಿನಲ್ಲೇ ಉಳಿಯಿತು, ತಳ ಮಾತ್ರ ಒಂದು ವೋಲ್ಟಿಗಿಂತ ಮೇಲೇರಿತು. ಹಲ್ಲಿನ ಚಕ್ರ ಕೆಟ್ಟಿದ್ದರೆ ಅಂತರಗಳ ಅಳತೆ ತಪ್ಪಬೇಕಿತ್ತು. ತಳವಷ್ಟೇ ಏರಿದೆ ಎಂದರೆ ಮೊದಲ ಅನುಮಾನ ಸೆನ್ಸರಿನ ಗ್ರೌಂಡ್ ದಾರಿಯ ಮೇಲೆ. ಕನೆಕ್ಟರ್ ಬಿಚ್ಚಿದರೆ ಗ್ರೌಂಡ್ ಪಿನ್ ಸಡಿಲವಾಗಿತ್ತು. ಪಿನ್ ಬದಲಿಸಿದೆವು, ಬಿಸಿ ಎಂಜಿನ್ನಿನಲ್ಲೂ ತಳ ಸೊನ್ನೆಯ ಹತ್ತಿರವೇ ನಿಂತಿತು.

12 ಬಿಟ್ ಬೇಕೇ? ಬೇಕು. 8 ಬಿಟ್ ಉಪಕರಣ ಪರದೆಯ ಎತ್ತರವನ್ನು 256 ಮೆಟ್ಟಿಲುಗಳಾಗಿ ಒಡೆದರೆ ಇದು 4096 ಆಗಿ ಒಡೆಯುತ್ತದೆ. ಇಂಧನ ಚಿಮುಕಿಸುವ ಇಂಜೆಕ್ಟರ್ ನೋಡುವಾಗ ಇದರ ಬೆಲೆ ತಿಳಿಯುತ್ತದೆ. ಇಂಜೆಕ್ಟರ್ ತೆರೆದಿರುವಾಗ ವೋಲ್ಟೇಜ್ ಸೊನ್ನೆಗೆ ಇಳಿದಿರುತ್ತದೆ. ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಕೈಬಿಟ್ಟ ಕ್ಷಣ 60–80 ವೋಲ್ಟಿನವರೆಗೂ ಚಿಮ್ಮಿ ಇಳಿಯುತ್ತದೆ. ಆ ಇಳಿಜಾರಿನಲ್ಲಿ ಇಂಜೆಕ್ಟರಿನ ಒಳಗಿನ ಸೂಜಿ ಮುಚ್ಚಿ ಕುಳಿತಾಗ ಸಣ್ಣ ಉಬ್ಬೊಂದು ಮೂಡುತ್ತದೆ. ಒಂದೇ ಎಂಜಿನ್ನಿನ ಮೂರು ಇಂಜೆಕ್ಟರುಗಳಲ್ಲಿ ಅದು ಕಂಡು ನಾಲ್ಕನೆಯದರಲ್ಲಿ ಕಾಣದಿದ್ದರೆ, ವೈರಿಂಗ್ ಸರಿಯಿದ್ದರೂ ಸೂಜಿ ಸಿಕ್ಕಿಕೊಂಡಿದೆ ಎಂದು ಅನುಮಾನಿಸಬಹುದು.

ನನಗೆ ಅತ್ಯಂತ ಪ್ರಿಯವಾದ ಪರೀಕ್ಷೆ ಕರೆಂಟ್ ಕ್ಲ್ಯಾಂಪಿನದು. ಕೇಬಲ್ಲನ್ನು ಸುತ್ತ ಹಿಡಿದು ಅದರಲ್ಲಿ ಹರಿಯುವ ಕರೆಂಟ್ ಅಳೆಯುವ ಇಕ್ಕಳ ಅದು. ಅದನ್ನು ಬ್ಯಾಟರಿ ಕೇಬಲ್ಲಿಗೆ ಹಾಕಿ, ಇಂಧನ ನಿಲ್ಲಿಸಿ, ಸ್ಟಾರ್ಟರ್ ತಿರುಗಿಸಿದರೆ ಪ್ರತಿ ಸಿಲಿಂಡರ್ ಗಾಳಿಯನ್ನು ಒತ್ತುವಾಗ (ಕಂಪ್ರೆಷನ್) ಸ್ಟಾರ್ಟರ್ ಹೆಚ್ಚು ಕರೆಂಟ್ ಎಳೆದು ಒಂದೊಂದು ಶಿಖರ ಏಳುತ್ತದೆ. ಒಂದು ಶಿಖರ ಕುಳ್ಳಾಗಿದ್ದರೆ ಯಾವುದೋ ಸಿಲಿಂಡರ್ ಸೋರುತ್ತಿರಬಹುದು. ಒಂದೂ ಪ್ಲಗ್ ಬಿಚ್ಚದೆ ಇಷ್ಟು ತಿಳಿಯುವುದು ದೊಡ್ಡ ಅನುಕೂಲ. ಯಾವ ಸಿಲಿಂಡರ್ ಎಂದು ಗುರುತಿಸಲು ಇನ್ನೊಂದು ಚಾನೆಲ್ಲಿನಲ್ಲಿ ಇಗ್ನಿಷನ್ ಸಿಗ್ನಲ್ ಹಿಡಿಯುತ್ತೇನೆ.

ದೂರುಗಳೂ ಇವೆ. ಕ್ಲ್ಯಾಂಪ್ ಪೆಟ್ಟಿಗೆಯಲ್ಲಿ ಬರಲಿಲ್ಲ, ಪ್ರತ್ಯೇಕವಾಗಿ ಕೊಳ್ಳಬೇಕಾಯಿತು. ಪ್ರತಿ ಸಲ ಸೊನ್ನೆಗೆ ಹೊಂದಿಸದಿದ್ದರೆ ಅದರ ಲೆಕ್ಕ ತಪ್ಪುತ್ತದೆ. ಹೆಚ್ಚಿನ ವೋಲ್ಟೇಜನ್ನು ತಗ್ಗಿಸಿ ಕೊಡುವ ಅಟೆನ್ಯುಯೇಟರ್ ಕೂಡ ಬೇರೆಯೇ. ಅದಿಲ್ಲದೆ ಇಗ್ನಿಷನ್ ಕಾಯಿಲಿನ ಪ್ರೈಮರಿ ಸುರುಳಿಗೆ ಕೈ ಹಾಕಬೇಡಿ, ಅಲ್ಲಿ 300–400 ವೋಲ್ಟ್ ಏಳುತ್ತದೆ. ಲ್ಯಾಪ್‌ಟಾಪ್ ಚಾರ್ಜರ್ ಸಿಕ್ಕಿಸಿದ್ದರೆ ಅಲೆಯ ತುಂಬ ಗದ್ದಲ ತುಂಬಿಕೊಳ್ಳುತ್ತದೆ, ಆದ್ದರಿಂದ ಬ್ಯಾಟರಿಯಲ್ಲೇ ನಡೆಸುತ್ತೇನೆ. ಎರಡನೆಯ ವರ್ಷ ಆಸಿಲೋಸ್ಕೋಪಿನ ಸಡಿಲವಾದ ಒಂದು ಸಾಕೆಟ್ಟನ್ನು ಎಸ್.ಪಿ. ರಸ್ತೆಯಲ್ಲಿ ಬೆಸುಗೆ ಹಾಕಿಸಿದೆ. ಉಪಕರಣದ ಜೊತೆಗೆ ಬಂದ ಮಾದರಿ ಅಲೆಗಳಲ್ಲಿ ನಮ್ಮ ರಸ್ತೆಯ ಕಾರುಗಳು ತೀರಾ ಕಡಿಮೆ. ಸರಿಯಿರುವ ಕಾರು ಸರ್ವಿಸಿಗೆ ಬಂದಾಗಲೆಲ್ಲ ಅದರ ಅಲೆಗಳನ್ನು ಆರ್‌ಪಿಎಂ, ಉಷ್ಣತೆ ಸಹಿತ ಉಳಿಸಿಟ್ಟುಕೊಳ್ಳುತ್ತೇನೆ. ಹೋಲಿಸಲು ಒಳ್ಳೆಯ ಅಲೆಯಿಲ್ಲದಿದ್ದರೆ ಕೆಟ್ಟ ಅಲೆಯನ್ನು ಗುರುತಿಸುವುದು ಕಷ್ಟ.

ಆಯಿಲ್ ಬದಲಾವಣೆ, ಬ್ರೇಕ್ ಕೆಲಸವಷ್ಟೇ ನಡೆಯುವ ಗ್ಯಾರೇಜಿಗೆ ಇದು ಬೇಡ. ಬೇರೆಯವರು ಕೈಬಿಟ್ಟ ಕಾರುಗಳು ಬರುವ ಕಡೆ ಖಂಡಿತ ಬೇಕು. ಹಣ ಸಾಲದಿದ್ದರೆ ಎರಡು ಚಾನೆಲ್ಲಿನದನ್ನೇ ಕೊಳ್ಳಿ: ಕ್ರ್ಯಾಂಕ್ ಮತ್ತು ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್) ಸೆನ್ಸರುಗಳ ಅಲೆಗಳನ್ನು ಒಟ್ಟಿಗೆ ನೋಡಿ ಟೈಮಿಂಗ್ ಜಾರಿದೆಯೇ ಎಂದು ತಿಳಿಯಲು ಅಷ್ಟು ಸಾಕು. ಉಳಿದ ಹಣವನ್ನು ಒಳ್ಳೆಯ ಕ್ಲ್ಯಾಂಪಿಗೆ ಹಾಕಿ.